ಟ್ರ್ಯಾಕ್ಟರಿಗೆ ಒಪ್ಪುವ ಟ್ರೇಲರ್: ಮೊದಲ ಸಲ ಕೊಳ್ಳುವವರಿಗೆ ಮಾರ್ಗದರ್ಶಿ

ನಮ್ಮ ಹಾವೇರಿ, ಗದಗ, ಧಾರವಾಡ ಜಿಲ್ಲೆಗಳಲ್ಲಿ ಟ್ರ್ಯಾಕ್ಟರ್ ಕೊಳ್ಳುವ ಮನೆಯವರು ಇಂಜಿನ್ನಿನ ಬಗ್ಗೆ ಹತ್ತು ಕಡೆ ವಿಚಾರಿಸುತ್ತಾರೆ. ಎಷ್ಟು ಎಚ್‌ಪಿ, ಎಕರೆಗೆ ಎಷ್ಟು ಡೀಸೆಲ್, ಬಿಡಿಭಾಗ ಹತ್ತಿರದಲ್ಲಿ ಸಿಗುತ್ತದೆಯೇ, ಮರುಮಾರಾಟಕ್ಕೆ ಬೆಲೆ ಬರುತ್ತದೆಯೇ ಎಂದು ತಿಂಗಳುಗಟ್ಟಲೆ ಲೆಕ್ಕ ಹಾಕುತ್ತಾರೆ. ಅದರ ಹಿಂದೆ ಕಟ್ಟುವ ಟ್ರೇಲರಿನ ಮಾತು ಬಂದಾಗ ಮಾತ್ರ ಓಣಿಯಲ್ಲಿ ಇನ್ನೊಬ್ಬರು ಮಾಡಿಸಿದ ಅಳತೆಯನ್ನೇ ಹೇಳಿ, ಮುಂಗಡ ಕೊಟ್ಟು ಬಂದುಬಿಡುತ್ತಾರೆ. ನಮ್ಮ ಮನೆಯಲ್ಲೂ ಹಾಗೆಯೇ ಆಯಿತು. ಅದರಿಂದ ಅನುಭವಿಸಿದ ತೊಂದರೆಯನ್ನು ಮುಂದೆ ವಿವರಿಸುತ್ತೇನೆ. ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು: ಟ್ರೇಲರಿನ ಅಳತೆಯನ್ನು ನಿರ್ಧರಿಸಬೇಕಾದದ್ದು ಟ್ರ್ಯಾಕ್ಟರ್ ಎಷ್ಟು ಭಾರವನ್ನು ಎಳೆಯುತ್ತದೆ ಎಂಬುದರಿಂದಲ್ಲ, ಎಷ್ಟು ಭಾರವನ್ನು ನಿಲ್ಲಿಸುತ್ತದೆ ಎಂಬುದರಿಂದ. ಎಳೆಯಲಾಗದಿದ್ದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ನಿಲ್ಲಿಸಲಾಗದಿದ್ದರೆ ಜೀವಕ್ಕೇ ಅಪಾಯ.

ಮೊದಲು ಹೇರುವ ಮಾಲನ್ನು ಲೆಕ್ಕ ಹಾಕಿ

ವರ್ಷದಲ್ಲಿ ಏನೇನು ಹೇರುತ್ತೀರಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹತ್ತು ಅಡಿ ಉದ್ದ, ಆರು ಅಡಿ ಅಗಲ, ಎರಡು ಅಡಿ ಎತ್ತರದ ಸಾಮಾನ್ಯ ಟ್ರೇಲರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಒಳಗಿನ ಜಾಗ 120 ಘನ ಅಡಿ, ಅಂದರೆ ಒಂದು ಬ್ರಾಸಿಗಿಂತ (ನೂರು ಘನ ಅಡಿ) ಸ್ವಲ್ಪ ಹೆಚ್ಚು. ಅಂಚಿನ ಮಟ್ಟಕ್ಕೆ ಗೋವಿನಜೋಳ ತುಂಬಿದರೆ ಸುಮಾರು 25 ಕ್ವಿಂಟಲ್ ಆಗುತ್ತದೆ. ಅದೇ ಜಾಗದಲ್ಲಿ ಶೇಂಗಾ ಕಾಯಿ ತುಂಬಿದರೆ ಒಂದು ಟನ್ ಮುಟ್ಟುವುದೂ ಕಷ್ಟ. ಕೊಟ್ಟಿಗೆ ಗೊಬ್ಬರ ಒಣಗಿದ್ದರೆ ಎರಡು ಟನ್ ಆಸುಪಾಸು ಇರುತ್ತದೆ, ಮಳೆಗೆ ನೆನೆದಿದ್ದರೆ ಮೂರಕ್ಕೆ ಏರುತ್ತದೆ. ಒಣ ಮರಳು ತುಂಬಿದರೆ ಐದೂವರೆ ಟನ್ನಿನ ಹತ್ತಿರ ಹೋಗುತ್ತದೆ, ಹಸಿ ಮರಳಾದರೆ ಆರು ಟನ್ ದಾಟುತ್ತದೆ. ಟ್ರೇಲರ್ ಒಂದೇ, ಅದು ತುಂಬಿ ಕಾಣುವುದೂ ಒಂದೇ ರೀತಿ. ಆದರೆ ಭಾರ ಒಂದರಿಂದ ಆರು ಟನ್ನಿನವರೆಗೆ ಬದಲಾಗುತ್ತದೆ. ಆದ್ದರಿಂದ ಕಣ್ಣಂದಾಜನ್ನು ನಂಬಬೇಡಿ.

ಪಕ್ಕದ ಹಲಗೆಯನ್ನು ಇನ್ನೊಂದು ಅಡಿ ಎತ್ತರಿಸಿಕೊಳ್ಳಿ ಎಂದು ಟ್ರೇಲರ್ ಮಾಡುವವರು ಸಲಹೆ ಕೊಡುವುದುಂಟು, ಅದಕ್ಕೆ ಹೆಚ್ಚಿನ ಖರ್ಚೂ ಬರುವುದಿಲ್ಲ. ಹತ್ತಿ, ಶೇಂಗಾ, ಮೇವು ಹೇರುವ ಮನೆಗೆ ಅದು ಸರಿಯಾದ ಸಲಹೆಯೇ. ಗೋವಿನಜೋಳ, ಕಡಲೆ ಅಥವಾ ಮನೆ ಕಟ್ಟುವಾಗ ಮರಳು, ಕಲ್ಲು ಹೇರುವವರಿಗೆ ಆ ಒಂದು ಅಡಿ ಬಲೆಯಾಗುತ್ತದೆ, ಏಕೆಂದರೆ ಜಾಗ ಇದ್ದಲ್ಲಿ ಹಮಾಲರು ತುಂಬಿಯೇ ತುಂಬುತ್ತಾರೆ. ನನ್ನ ಅಭಿಪ್ರಾಯದಲ್ಲಿ ಎರಡು ಅಡಿಯ ಗಟ್ಟಿ ಹಲಗೆ ಇಟ್ಟು, ಹಗುರವಾದ ಮಾಲು ಹೇರುವಾಗ ಮಾತ್ರ ಮೇಲೆ ಸಿಕ್ಕಿಸುವ ಬಿಡಿ ಜಾಲರಿ ಮಾಡಿಸಿಕೊಳ್ಳುವುದು ಒಳ್ಳೆಯದು. ಬ್ಯಾಡಗಿ ಮಾರುಕಟ್ಟೆಗೆ ಒಣ ಮೆಣಸಿನಕಾಯಿ ಒಯ್ಯುವವರಿಗೆ ಇರುವ ಸಮಸ್ಯೆ ಬೇರೆ ಬಗೆಯದು. ಅಲ್ಲಿ ಭಾರಕ್ಕಿಂತ ಎತ್ತರವೇ ಹೆಚ್ಚು. ಚೀಲಗಳನ್ನು ಮೇಲೆ ಮೇಲೆ ಪೇರಿಸಿದಾಗ ಇಡೀ ಹೇರು ತಿರುವಿನಲ್ಲಿ ವಾಲುತ್ತದೆ, ಆದ್ದರಿಂದ ಅವರು ಎತ್ತರದ ಟ್ರೇಲರಿಗಿಂತ ಅಗಲವಾದ, ನೆಲಕ್ಕೆ ಹತ್ತಿರವಿರುವ ಟ್ರೇಲರನ್ನು ಆರಿಸಿಕೊಳ್ಳಬೇಕು.

ಮಾಲಿನ ಭಾರಕ್ಕೆ ಖಾಲಿ ಟ್ರೇಲರಿನ ಭಾರವನ್ನೂ ಕೂಡಿಸಬೇಕು. ಈ ಅಳತೆಯ ಟ್ರೇಲರ್ ತಾನೇ ಒಂದರಿಂದ ಒಂದೂವರೆ ಟನ್ ತೂಗುತ್ತದೆ. ಇವೆರಡೂ ಸೇರಿದ ಒಟ್ಟು ತೂಕವೇ ಮುಂದಿನ ಎಲ್ಲ ಲೆಕ್ಕಗಳಿಗೆ ಆಧಾರ.

ಎಚ್‌ಪಿಗಿಂತ ಮೊದಲು ಟ್ರ್ಯಾಕ್ಟರಿನ ತೂಕ

40ರಿಂದ 50 ಎಚ್‌ಪಿಯ ಟ್ರ್ಯಾಕ್ಟರುಗಳು ಸಾಮಾನ್ಯವಾಗಿ 1,800ರಿಂದ 2,200 ಕೆಜಿ ತೂಗುತ್ತವೆ, ಅದರಲ್ಲಿ ಮೂರರಲ್ಲಿ ಎರಡು ಪಾಲು ಹಿಂದಿನ ಗಾಲಿಗಳ ಮೇಲಿರುತ್ತದೆ. ಟ್ರ್ಯಾಕ್ಟರ್ ಎಳೆಯುವುದು ಆ ಗಾಲಿಗಳು ನೆಲವನ್ನು ಹಿಡಿಯುವ ಬಲದಿಂದ. ಇಂಜಿನ್ನಿನಲ್ಲಿ ಎಷ್ಟೇ ಶಕ್ತಿ ಇದ್ದರೂ ನೆಲ ಹಿಡಿತ ಕೊಡದಿದ್ದರೆ ಗಾಲಿ ನಿಂತಲ್ಲೇ ತಿರುಗುತ್ತದೆ. ನವಲಗುಂದ, ಅಣ್ಣಿಗೇರಿ, ನರಗುಂದ, ರೋಣದ ಎರಿ (ಕಪ್ಪು ಮಣ್ಣಿನ) ಹೊಲಗಳಲ್ಲಿ ಮಳೆಯಾದ ಮೇಲೆ ಹೆಸರುಕಾಳು ತುಂಬಿದ ಟ್ರೇಲರ್ ಹೊರತೆಗೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡಾಂಬರು ರಸ್ತೆಯಲ್ಲಿ ಒಂದು ಟನ್ ಭಾರವನ್ನು ಉರುಳಿಸಲು ಸುಮಾರು 20 ಕೆಜಿಯ ಎಳೆತ ಸಾಕು. ಗಾಲಿ ಹೂತುಹೋಗುವ ಹಸಿ ಎರಿಯಲ್ಲಿ ಅದೇ ಒಂದು ಟನ್ನಿಗೆ 150 ಕೆಜಿಗೂ ಹೆಚ್ಚು ಬೇಕಾಗುತ್ತದೆ, ಅದೇ ಹೊತ್ತಿಗೆ ಹಿಂದಿನ ಗಾಲಿಯ ಹಿಡಿತವೂ ಅರ್ಧಕ್ಕೆ ಇಳಿದಿರುತ್ತದೆ. ಹೀಗಾಗಿ ಎರಿ ಸೀಮೆಯವರು ಹೊಲದಲ್ಲಿ ಅರ್ಧ ತುಂಬಿ, ರಸ್ತೆಗೆ ತಂದು, ಉಳಿದದ್ದನ್ನು ಅಲ್ಲಿ ಹೇರುವುದೇ ಸರಿಯಾದ ಕ್ರಮ.

ಕಲಘಟಗಿ, ಅಳ್ನಾವರ, ಹಾನಗಲ್ಲ ಕಡೆಯ ಮಸಾರಿ (ಕೆಂಪು ಮಣ್ಣಿನ) ಭೂಮಿಯವರಿಗೆ ಕೆಸರಿನ ಕಾಟ ಕಡಿಮೆ, ಆದರೆ ಏರಿಳಿತ ಹೆಚ್ಚು. ನೂರು ಅಡಿ ದೂರಕ್ಕೆ ಒಂದು ಅಡಿ ಏರು ಇದ್ದರೆ ಪ್ರತಿ ಟನ್ನಿಗೆ ಇನ್ನೂ 10 ಕೆಜಿ ಎಳೆತ ಬೇಕಾಗುತ್ತದೆ. ನೂರಕ್ಕೆ ಎಂಟು ಅಡಿಯ ಏರಿನಲ್ಲಿ, ಟ್ರ್ಯಾಕ್ಟರ್ ಸೇರಿ ಎಂಟು ಟನ್ನಿನ ಗಾಡಿಗೆ ಒಟ್ಟು 800 ಕೆಜಿಯಷ್ಟು ಎಳೆತ ಬೇಕು. ಈ ಏರನ್ನು 45 ಎಚ್‌ಪಿಯ ಟ್ರ್ಯಾಕ್ಟರ್ ಕೆಳಗಿನ ಗೇರಿನಲ್ಲಿ ಹತ್ತಿಬಿಡುತ್ತದೆ. ಅಪಾಯ ಇರುವುದು ಅಲ್ಲೇ: ಹತ್ತಿದ ಗಾಡಿ ಇಳಿಯಲೂ ಬೇಕು.

ನಿಮ್ಮ ಟ್ರ್ಯಾಕ್ಟರಿನ ಎಳೆಯುವ ಶಕ್ತಿಯ ನಿಖರವಾದ ಅಂಕಿಗಾಗಿ ಮಾರಾಟಗಾರರ ಬಾಯಿಮಾತನ್ನು ನೆಚ್ಚಬೇಡಿ. ಮಧ್ಯಪ್ರದೇಶದ ಬುಧನಿಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ. ಅಲ್ಲಿ ಪರೀಕ್ಷೆಯಾದ ಮಾದರಿಗಳ ವರದಿಯಲ್ಲಿ ಡ್ರಾಬಾರಿನ (ಹಿಂದೆ ಗಾಡಿ ಕಟ್ಟಿ ಎಳೆಯುವ ಪಟ್ಟಿಯ) ಗರಿಷ್ಠ ಎಳೆತ, ಬ್ರೇಕಿನ ಪರೀಕ್ಷೆ, ಮುಂದೆ ಹಿಂದೆ ಎಷ್ಟು ತೂಕ ಎಂಬ ವಿವರಗಳೆಲ್ಲ ಇರುತ್ತವೆ. ಆ ವರದಿಯನ್ನು ತೋರಿಸಿ ಎಂದು ಕೇಳುವುದು ಗಿರಾಕಿಯ ಹಕ್ಕು.

ಬ್ರೇಕು: ಎಲ್ಲಕ್ಕಿಂತ ಮುಖ್ಯವಾದ ಲೆಕ್ಕ

ಟ್ರ್ಯಾಕ್ಟರಿನ ಬ್ರೇಕು ಸಾಮಾನ್ಯವಾಗಿ ಹಿಂದಿನ ಎರಡು ಗಾಲಿಗಳಿಗೆ ಮಾತ್ರ ಇರುತ್ತದೆ. ಟ್ರೇಲರಿಗೆ ಬ್ರೇಕು ಇಲ್ಲದಿದ್ದರೆ, ನಮ್ಮ ಕಡೆ ಅಂಥವೇ ಹೆಚ್ಚು, ಆ ಎರಡು ಗಾಲಿಗಳೇ ಇಡೀ ಹೇರನ್ನು ನಿಲ್ಲಿಸಬೇಕು. ಖಾಲಿ ಟ್ರ್ಯಾಕ್ಟರ್ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಒಣ ಡಾಂಬರಿನ ಮೇಲೆ ಬ್ರೇಕು ಒತ್ತಿದರೆ ಆರೇಳು ಮೀಟರಿನಲ್ಲಿ ನಿಲ್ಲುತ್ತದೆ. ಹಿಂದೆ ಆರು ಟನ್ನಿನ ಟ್ರೇಲರ್ ಇದ್ದರೆ ಸಮತಟ್ಟಾದ ರಸ್ತೆಯಲ್ಲೇ ಸುಮಾರು 20 ಮೀಟರ್ ಬೇಕಾಗುತ್ತದೆ. ನೂರಕ್ಕೆ ಎಂಟರ ಇಳಿಜಾರಿನಲ್ಲಿ ಇದು 55 ಮೀಟರಿಗೆ ಏರುತ್ತದೆ. ಇದು ಲೆಕ್ಕದ ಅಂದಾಜು. ರಸ್ತೆ ಹಸಿಯಾಗಿದ್ದರೆ ಆ ಇಳಿಜಾರಿನಲ್ಲಿ ಗಾಡಿ ನಿಲ್ಲದೆ ಹೋಗಬಹುದು. ಬರಿ ದೂರದ ಮಾತೂ ಅಲ್ಲ. ಟ್ರ್ಯಾಕ್ಟರ್ ನಿಧಾನವಾದಾಗ ಹಿಂದಿನ ಭಾರ ಟ್ರೇಲರ್ ಕಟ್ಟಿದ ಹುಕ್ಕನ್ನು ಮುಂದಕ್ಕೆ ದೂಡುತ್ತದೆ. ಟ್ರ್ಯಾಕ್ಟರ್ ಸ್ವಲ್ಪ ವಾರೆಯಾಗಿದ್ದರೂ ಸಾಕು, ಟ್ರೇಲರ್ ಅದನ್ನು ಅಡ್ಡಲಾಗಿ ತಿರುಗಿಸಿ ಮಗುಚಿಬಿಡುತ್ತದೆ.

ಅಮೆರಿಕದ ಕೃಷಿ ಸುರಕ್ಷತಾ ಮಾರ್ಗದರ್ಶನಗಳಲ್ಲಿ ಒಂದು ಸರಳ ನಿಯಮವಿದೆ. ಬ್ರೇಕಿಲ್ಲದ ಟ್ರೇಲರಿನ ಒಟ್ಟು ತೂಕ ಟ್ರ್ಯಾಕ್ಟರಿನ ತೂಕದ ಒಂದೂವರೆ ಪಟ್ಟನ್ನು ಮೀರಬಾರದು, ಆಗಲೂ ವೇಗ ಗಂಟೆಗೆ 32 ಕಿಲೋಮೀಟರ್ ದಾಟಬಾರದು. ಎರಡು ಟನ್ನಿನ ಟ್ರ್ಯಾಕ್ಟರಿಗೆ ಇದನ್ನು ಅನ್ವಯಿಸಿದರೆ ಟ್ರೇಲರ್ ಮತ್ತು ಮಾಲು ಸೇರಿ ಮೂರು ಟನ್, ಅಂದರೆ ಮಾಲು ಹದಿನೈದರಿಂದ ಇಪ್ಪತ್ತು ಕ್ವಿಂಟಲ್. ಇದನ್ನು ಹೇಳಿದಾಗ ನಮ್ಮ ಓಣಿಯವರು ‘ಹಂಗಾದ್ರ ಟ್ರ್ಯಾಕ್ಟರ್ ಯಾಕ ಬೇಕು, ಚಕ್ಕಡಿನೇ ಸಾಕಲ್ಲ’ ಎಂದರು. ಅವರ ಮಾತಿನಲ್ಲಿ ನ್ಯಾಯವಿದೆ, ಬಾಡಿಗೆ, ಡೀಸೆಲ್, ಕೂಲಿ ಎಲ್ಲವೂ ಒಂದು ಸಲದ ಹೇರಿನ ಮೇಲೆ ನಿಂತಿವೆ. ಆದರೆ ಇದಕ್ಕೆ ಪರಿಹಾರ ನಿಯಮವನ್ನು ಮರೆಯುವುದಲ್ಲ, ಟ್ರೇಲರಿಗೆ ಬ್ರೇಕು ಹಾಕಿಸುವುದು. ಟ್ರ್ಯಾಕ್ಟರಿನ ಪೆಡಲ್ ಒತ್ತಿದಾಗಲೇ ಕೆಲಸ ಮಾಡುವ ಹೈಡ್ರಾಲಿಕ್ ಬ್ರೇಕು ಎಲ್ಲಕ್ಕಿಂತ ಉತ್ತಮ. ನಿಮ್ಮ ಟ್ರ್ಯಾಕ್ಟರಿಗೆ ಟ್ರೇಲರ್ ಬ್ರೇಕಿನ ವಾಲ್ವ್ ಜೋಡಿಸಲು ಬರುತ್ತದೆಯೇ ಎಂದು ಟ್ರೇಲರ್ ಮಾಡಿಸುವ ಮೊದಲೇ ಕೇಳಿಕೊಳ್ಳಿ. ಟ್ರೇಲರ್ ಮುಂದಕ್ಕೆ ದೂಡಿದಾಗ ತಾನಾಗಿ ಹಿಡಿಯುವ ಬ್ರೇಕು ಎರಡನೆಯ ಆಯ್ಕೆ. ನಿಲ್ಲಿಸುವ ಹ್ಯಾಂಡ್ ಬ್ರೇಕು ಯಾವುದಿದ್ದರೂ ಇರಲೇಬೇಕು. ಹಣ ಸಾಲದಿದ್ದರೆ ಬಣ್ಣ, ಅಲಂಕಾರ, ಹೆಚ್ಚುವರಿ ಹಲಗೆ ಎಲ್ಲವನ್ನೂ ಬಿಟ್ಟು ಬ್ರೇಕಿಗೆ ಕೊಡಿ ಎಂದು ಪ್ರತಿಯೊಬ್ಬರಲ್ಲೂ ಕೈ ಮುಗಿದು ಕೇಳಿಕೊಳ್ಳುತ್ತೇನೆ.

ಕಾಟಾದ ಮೇಲೆ ಹುಕ್ಕಿನ ಭಾರ ಅಳೆಯುವುದು

ಎರಡು ಗಾಲಿಯ ಟ್ರೇಲರಿನಲ್ಲಿ ಭಾರದ ಒಂದು ಪಾಲು ಟ್ರ್ಯಾಕ್ಟರಿನ ಹುಕ್ಕಿನ ಮೇಲೆ ಕೂರುತ್ತದೆ. ಟ್ರೇಲರಿನ ಒಟ್ಟು ತೂಕದ ನೂರಕ್ಕೆ ಹತ್ತರಿಂದ ಹದಿನೈದು ಭಾಗದಷ್ಟಿದ್ದರೆ ಅದು ಒಳ್ಳೆಯದೇ, ಹಿಂದಿನ ಗಾಲಿಗೆ ಹಿಡಿತ ಸಿಗುತ್ತದೆ. ತೀರ ಕಡಿಮೆಯಾದರೆ ಟ್ರೇಲರಿನ ಮೂಗು ಮೇಲೆದ್ದು ಟ್ರ್ಯಾಕ್ಟರಿನ ಹಿಂಭಾಗವನ್ನೇ ಎತ್ತುತ್ತದೆ. ಹೆಚ್ಚಾದರೆ ಮುಂದಿನ ಗಾಲಿಗಳು ಹಗುರಾಗಿ ಸ್ಟೇರಿಂಗ್ ಕೈಗೆ ಸಿಗದಂತಾಗುತ್ತದೆ. ಹುಕ್ಕು ಹಿಂದಿನ ಆಕ್ಸಲಿಗಿಂತ ಹಿಂದೆ ಇರುವುದರಿಂದ ಟ್ರ್ಯಾಕ್ಟರ್ ಬಾವಿಯ ಏತದಂತೆ ವರ್ತಿಸುತ್ತದೆ: ಹಿಂದೆ ತೂಗಿದಷ್ಟೂ ಮುಂದೆ ಏಳುತ್ತದೆ.

ನಮ್ಮ ಟ್ರೇಲರ್ ಹನ್ನೊಂದು ಅಡಿ ಉದ್ದ, ಆರು ಅಡಿ ಅಗಲ, ಮೂರು ಅಡಿ ಹಲಗೆಯದು. ತಂದ ಮೊದಲ ಸುಗ್ಗಿಯಲ್ಲಿ 45 ಕ್ವಿಂಟಲ್ ಗೋವಿನಜೋಳ ಹೇರಿ ರಾಣೆಬೆನ್ನೂರಿಗೆ ಹೊರಟಾಗ ಊರ ಹಳ್ಳದ ಏರಿನಲ್ಲಿ ಮುಂದಿನ ಗಾಲಿಗಳು ನೆಲ ಬಿಟ್ಟು ಗೇಣಷ್ಟು ಮೇಲೆದ್ದವು. ನಮ್ಮ ಆಳುಮಗ ರೂಢಿಯಂತೆ ಓಡಿಬಂದು ಮುಂದಿನ ಬಂಪರಿನ ಮೇಲೆ ಹತ್ತಿ ನಿಂತ. ಅವನ ಭಾರಕ್ಕೆ ಗಾಲಿ ಕೆಳಗಿಳಿದವು, ಗಾಡಿ ಏರು ದಾಟಿತು. ಅವನು ಜಾರಿದ್ದರೆ ಬೀಳುತ್ತಿದ್ದುದು ಆ ಗಾಲಿಗಳ ಮುಂದೆಯೇ. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಟ್ರ್ಯಾಕ್ಟರಿನ ಭಾರ ಸಾಲದ್ದಕ್ಕೆ ಮನುಷ್ಯನ ಭಾರ ಹಾಕುವ ಈ ಪದ್ಧತಿಯನ್ನು ದಯವಿಟ್ಟು ಯಾರೂ ಮಾಡಬೇಡಿ, ಮಾಡುವವರನ್ನು ಕಂಡರೆ ತಡೆಯಿರಿ.

ಮರುವಾರ ಅಷ್ಟೇ ಹೇರಿನೊಂದಿಗೆ ಕಾಟಾಕ್ಕೆ, ಅಂದರೆ ಗಾಡಿ ತೂಗುವ ವೇಬ್ರಿಜ್ಜಿಗೆ, ಒಯ್ದೆವು. ಅಳೆಯುವ ಕ್ರಮ ಸುಲಭವಾದದ್ದು, ತೂಕದ ಚೀಟಿಯ ದುಡ್ಡು ಬಿಟ್ಟು ಬೇರೆ ಖರ್ಚಿಲ್ಲ. ಮೊದಲು ಟ್ರ್ಯಾಕ್ಟರನ್ನು ಮಾತ್ರ ಪೂರ್ತಿ ಕಾಟಾದ ಮೇಲೆ ನಿಲ್ಲಿಸಬೇಕು, ನಮ್ಮದು 2,050 ಕೆಜಿ ತೋರಿಸಿತು. ಆಮೇಲೆ ಮುಂದಿನ ಎರಡು ಗಾಲಿಗಳು ಮಾತ್ರ ಕಾಟಾದ ಮೇಲೆ ಬರುವಂತೆ ನಿಲ್ಲಿಸಬೇಕು, 760 ಬಂತು. ಕೊನೆಗೆ ತುಂಬಿದ ಟ್ರೇಲರನ್ನು ಕಟ್ಟಿ, ಮತ್ತೆ ಮುಂದಿನ ಗಾಲಿಗಳನ್ನು ಮಾತ್ರ ಏರಿಸಿ ನೋಡಬೇಕು. ಅಂಕಿ 350ಕ್ಕೆ ಇಳಿದಿತ್ತು. ಟ್ರ್ಯಾಕ್ಟರಿನ ಸ್ವಂತ ತೂಕದ ಐದನೇ ಒಂದು ಪಾಲಾದರೂ ಮುಂದಿನ ಗಾಲಿಗಳ ಮೇಲೆ ಉಳಿದಿರಬೇಕೆಂಬುದು ಒಪ್ಪಿತವಾದ ನಿಯಮ. ನಮಗೆ 410 ಇರಬೇಕಿತ್ತು, ಸಮತಟ್ಟಾದ ನೆಲದಲ್ಲೇ 60 ಕೆಜಿ ಕೊರತೆ ಇತ್ತು, ಏರಿನಲ್ಲಿ ಅದು ಇನ್ನೂ ಹೆಚ್ಚುತ್ತದೆ.

ಟೇಪು ಹಿಡಿದು ಅಳೆದಾಗ ಕಾರಣ ಸಿಕ್ಕಿತು. ಟ್ರೇಲರಿನ ಆಕ್ಸಲನ್ನು ತಳದ ಮಧ್ಯದಿಂದ ಎರಡೂಮುಕ್ಕಾಲು ಅಡಿ ಹಿಂದೆ ಬೆಸೆದಿದ್ದರು. ಮಾಡಿದವರಲ್ಲಿಗೇ ವಾಪಸ್ ಒಯ್ದು ಒಂದು ಅಡಿ ಮುಂದಕ್ಕೆ ಸರಿಸಿದೆವು. ಅದೇ ಹೇರಿನೊಂದಿಗೆ ಮತ್ತೆ ತೂಗಿದಾಗ ಮುಂದಿನ ಗಾಲಿಗಳ ಮೇಲೆ 470 ಕೆಜಿ ಇತ್ತು. ಅದೇ ಸಲ ಬ್ರೇಕನ್ನೂ ಹಾಕಿಸಿದೆವು. ಹತ್ತು, ಹನ್ನೊಂದು ಅಡಿಯ ಎರಡು ಗಾಲಿ ಟ್ರೇಲರ್ ಮಾಡಿಸುವವರು ಆಕ್ಸಲ್ ಮಧ್ಯದಿಂದ ಒಂದರಿಂದ ಒಂದೂಮುಕ್ಕಾಲು ಅಡಿಯೊಳಗೆ ಹಿಂದೆ ಇರುವಂತೆ ಮುಂಗಡ ಕೊಡುವಾಗಲೇ ಬರೆಸಿಕೊಳ್ಳಿ. ಅಷ್ಟಾದ ಮೇಲೂ ಮುಂದೆ ಹಗುರ ಎನಿಸಿದರೆ ಕಂಪನಿಯವರೇ ಕೊಡುವ ಮುಂಭಾಗದ ತೂಕದ ಬಿಲ್ಲೆಗಳನ್ನು ಹಾಕಿಸಬೇಕು.

ನಾಲ್ಕು ಗಾಲಿಯ ಟ್ರೇಲರ್ ತನ್ನ ಭಾರವನ್ನು ತಾನೇ ಹೊರುತ್ತದೆ, ಹುಕ್ಕಿನ ಮೇಲೆ ಹೆಚ್ಚೇನೂ ಬೀಳುವುದಿಲ್ಲ. ರಸ್ತೆಯಲ್ಲಿ ಅದು ಅನುಕೂಲ, ಕೆಸರಿನಲ್ಲಿ ಮಾತ್ರ ಹಿಂದಿನ ಗಾಲಿಗೆ ಹಿಡಿತ ಕಡಿಮೆಯಾಗುತ್ತದೆ. ಹಿಂದಕ್ಕೆ ಹೊಡೆಯುವುದನ್ನು ಕಲಿಯಲು ಹೊಸಬರಿಗೆ ಬಹಳ ದಿನ ಬೇಕು. ಮೊದಲ ಟ್ರೇಲರ್ ಆಗಿ ಎರಡು ಗಾಲಿಯದನ್ನೇ ನಾನು ಸೂಚಿಸುತ್ತೇನೆ. ಕಬ್ಬಿನ ಸೀಸನ್ನಿನಲ್ಲಿ ಒಂದರ ಹಿಂದೆ ಒಂದು ಎರಡು ಟ್ರೇಲರ್ ಕಟ್ಟಿಕೊಂಡು ಹೋಗುವುದನ್ನು ನೋಡಿ ಹೊಸಬರು ಅದನ್ನು ಅನುಕರಿಸಬಾರದು.

ಹುಕ್ಕು, ಪಿನ್ನು, ಟೈರು

ಟ್ರೇಲರನ್ನು ಯಾವಾಗಲೂ ಕೆಳಗಿನ ಹುಕ್ಕಿಗೇ ಕಟ್ಟಬೇಕು. ಟ್ರ್ಯಾಕ್ಟರಿನ ಹಿಂದೆ ಮೇಲ್ಗಡೆ ಇರುವ ಟಾಪ್ ಲಿಂಕಿನ ಜಾಗಕ್ಕೆ ಸರಪಳಿ ಅಥವಾ ಹಗ್ಗ ಕಟ್ಟಿ ಎಳೆದರೆ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿ ಚಾಲಕನ ಮೇಲೆಯೇ ಬೀಳುತ್ತದೆ, ಅದಕ್ಕೆ ಎರಡು ಸೆಕೆಂಡೂ ಬೇಕಾಗುವುದಿಲ್ಲ. ಕೆಸರಿನಲ್ಲಿ ಸಿಕ್ಕ ಗಾಡಿಯನ್ನು ಇನ್ನೊಂದು ಟ್ರ್ಯಾಕ್ಟರಿನಿಂದ ಎಳೆಯುವಾಗ ಈ ತಪ್ಪು ಹೆಚ್ಚು. ಖಾಲಿ ಟ್ರೇಲರ್ ಕಟ್ಟಿದಾಗ ಅದರ ತಳ ನೆಲಕ್ಕೆ ಸಮನಾಗಿ ನಿಲ್ಲುವಂತೆ ಹುಕ್ಕಿನ ಎತ್ತರ ಹೊಂದಬೇಕು. ಪಿನ್ನಿಗೆ ಚೀಲ ಹೊಲಿಯುವ ತಂತಿಯನ್ನೋ ಮೊಳೆಯನ್ನೋ ಸಿಕ್ಕಿಸದೆ ಸರಿಯಾದ ಲಾಕು ಹಾಕಿ, ಜೊತೆಗೆ ಒಂದು ಗಟ್ಟಿ ಸರಪಳಿಯನ್ನೂ ಕಟ್ಟಿ.

ಟೈರಿನ ಪಕ್ಕದಲ್ಲಿ ಅದು ಹೊರುವ ಭಾರದ ಗುರುತು ಮತ್ತು ಅದರ ಗಟ್ಟಿತನ ಹೇಳುವ ಪ್ಲೈ ಸಂಖ್ಯೆ ಇರುತ್ತವೆ. ಎಲ್ಲ ಟೈರುಗಳ ಶಕ್ತಿಯನ್ನು ಕೂಡಿಸಿದಾಗ ಟ್ರೇಲರಿನ ಒಟ್ಟು ತೂಕಕ್ಕಿಂತ ಹೆಚ್ಚಿರಬೇಕು. ಲಾರಿಯಿಂದ ತೆಗೆದ ಹಳೆಯ ಟೈರುಗಳನ್ನು ಹಾಕಿಕೊಡುವ ರೂಢಿ ಇದೆ. ಪಕ್ಕದಲ್ಲಿ ಬಿರುಕು ಬಿಟ್ಟವನ್ನು ಒಪ್ಪಿಕೊಳ್ಳಬೇಡಿ.

ಕಾಗದಪತ್ರ

ಟ್ರ್ಯಾಕ್ಟರಿಗೆ ಇರುವಂತೆ ಟ್ರೇಲರಿಗೂ ಪ್ರತ್ಯೇಕ ನೋಂದಣಿ ಬೇಕು. 1988ರ ಮೋಟಾರು ವಾಹನ ಕಾಯ್ದೆಯಂತೆ ಟ್ರೇಲರಿನ ಸ್ವಂತ ಸಂಖ್ಯೆ ಅದರ ಪಕ್ಕದಲ್ಲಿ ಕಾಣಬೇಕು, ಎಳೆಯುವ ಟ್ರ್ಯಾಕ್ಟರಿನ ಸಂಖ್ಯೆ ಟ್ರೇಲರಿನ ಮೇಲೂ ಇರಬೇಕು. ನಿಮ್ಮ ವಿಳಾಸಕ್ಕೆ ತಕ್ಕಂತೆ ಧಾರವಾಡದ ಕೆಎ-25, ಹುಬ್ಬಳ್ಳಿಯ ಕೆಎ-63, ಗದಗದ ಕೆಎ-26, ಹಾವೇರಿಯ ಕೆಎ-27 ಅಥವಾ ರಾಣೆಬೆನ್ನೂರಿನ ಕೆಎ-68 ಕಚೇರಿಯಲ್ಲಿ ಕೆಲಸವಾಗುತ್ತದೆ. ನೋಂದಣಿಗೆ ಬೇಕಾದ ಕಾಗದಗಳನ್ನು ಕೊಡುತ್ತೀರಾ ಎಂದು ಮಾಡುವವರನ್ನು ಮುಂಗಡಕ್ಕೆ ಮೊದಲೇ ಕೇಳಿ. ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಬರೆದ ತೂಕಕ್ಕಿಂತ ಹೆಚ್ಚು ಹೇರಿದರೆ, 2019ರ ತಿದ್ದುಪಡಿಯ ನಂತರ ಕಾಯ್ದೆಯಲ್ಲಿ 20,000 ರೂಪಾಯಿ ಮತ್ತು ಹೆಚ್ಚುವರಿಯಾದ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ. ವಿಮೆಯ ಪತ್ರದಲ್ಲಿ ಟ್ರೇಲರಿನ ಹೆಸರೂ ಸೇರಿದೆಯೇ ಎಂದು ಓದಿ ನೋಡಿ. ಕೃಷಿಗೆಂದು ನೋಂದಾಯಿಸಿ ಬಾಡಿಗೆಗೆ ಇಟ್ಟಿಗೆ, ಮರಳು ಹೊಡೆಯುವಾಗ ಅಪಘಾತವಾದರೆ ಪರಿಹಾರ ಸಿಗುವುದು ಕಷ್ಟ.

ಜಾತ್ರೆಗೆ, ಮದುವೆಗೆ, ಕೂಲಿಗೆ ಜನರನ್ನು ಟ್ರೇಲರಿನಲ್ಲಿ ಕೂಡಿಸಿಕೊಂಡು ಹೋಗುವುದು ಕಾನೂನಿಗೆ ವಿರುದ್ಧ. ಕಾನೂನಿನ ಮಾತು ಬಿಟ್ಟರೂ ಚೀಲಗಳು ಒಂದೆಡೆ ಕುಳಿತಿರುತ್ತವೆ, ಜನ ತಿರುವಿನಲ್ಲಿ ಒಂದೇ ಪಕ್ಕಕ್ಕೆ ವಾಲುತ್ತಾರೆ. ಟ್ರೇಲರ್ ಮಗುಚಿದರೆ ಅಡಿಯಲ್ಲಿ ಸಿಕ್ಕವರು ಉಳಿಯುವುದು ಕಷ್ಟ. ಎಲ್ಲವ್ವನ ಗುಡ್ಡಕ್ಕೆ ಹೋಗುವುದಿದ್ದರೆ ಬಸ್ಸಿನಲ್ಲಿ ಹೋಗಿ.

ಮೊದಲ ಪ್ರಯಾಣ

ಹೊಸ ಟ್ರೇಲರನ್ನು ಮೊದಲ ದಿನ ಅರ್ಧ ಹೇರಿನೊಂದಿಗೆ, ಪರಿಚಿತ ರಸ್ತೆಯಲ್ಲಿ, ಹಗಲಿನಲ್ಲಿ ಓಡಿಸಿ ನೋಡಿ. ಹೊಲದಲ್ಲಿ ಬೇರೆ ಬೇರೆಯಾಗಿ ಬಳಸುವ ಎಡ, ಬಲ ಬ್ರೇಕ್ ಪೆಡಲುಗಳನ್ನು ರಸ್ತೆಗೆ ಬರುವ ಮೊದಲು ಪಟ್ಟಿಯಿಂದ ಕೂಡಿಸಿ ಲಾಕ್ ಮಾಡಬೇಕು. ಭಾರದ ಗಾಡಿಯಲ್ಲಿ ಒಂದೇ ಪಕ್ಕದ ಬ್ರೇಕು ಹಿಡಿದರೆ ಟ್ರ್ಯಾಕ್ಟರ್ ಗಿರ್ರನೆ ತಿರುಗಿಬಿಡುತ್ತದೆ. ಏರು ಹತ್ತಿದ ಗೇರಿನಲ್ಲೇ ಇಳಿಯಿರಿ, ಇಳಿಜಾರಿನ ನಡುವೆ ಕ್ಲಚ್ ಒತ್ತಬೇಡಿ, ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವುದಂತೂ ಬೇಡವೇ ಬೇಡ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಸರ್ವಿಸ್ ರಸ್ತೆ ಇರುವಲ್ಲೆಲ್ಲ ಅದನ್ನೇ ಬಳಸಿ. ಹಿಂದೆ ಕೆಂಪು ದೀಪ ಮತ್ತು ಹೊಳೆಯುವ ಪಟ್ಟಿ ಇಲ್ಲದೆ ಕತ್ತಲಾದ ಮೇಲೆ ರಸ್ತೆಗೆ ಇಳಿಯಬೇಡಿ, ಕೆಟ್ಟು ನಿಂತ ಟ್ರೇಲರಿನ ಹಿಂದೆ ಕಲ್ಲಿನ ಗುಡ್ಡೆ ಇಡುವ ಬದಲು ಪ್ರತಿಫಲಕ ತ್ರಿಕೋನವನ್ನು ದೂರದಲ್ಲಿ ಇಡಿ.

ಏಳೆಂಟು ಕಿಲೋಮೀಟರ್ ಆದ ಮೇಲೆ ರಸ್ತೆ ಬಿಟ್ಟು ಪಕ್ಕಕ್ಕೆ ನಿಲ್ಲಿಸಿ, ಗಾಲಿಗೆ ಅಡ್ಡ ಕೊಟ್ಟು, ಟ್ರೇಲರಿನ ಎರಡೂ ಗಾಲಿಗಳ ಮಧ್ಯದ ಹಬ್ಬಿನ ಹತ್ತಿರ ಮೊದಲು ಅಂಗೈ ಹಿಡಿದು ಕಾವು ನೋಡಿ, ಆಮೇಲೆ ಬೆರಳು ತಾಗಿಸಿ. ಎರಡೂ ಒಂದೇ ಸಮನೆ ಬೆಚ್ಚಗಿದ್ದರೆ ಪ್ರಯಾಣ ಮುಂದುವರಿಸಬಹುದು. ಒಂದು ಮುಟ್ಟಲಾರದಷ್ಟು ಸುಡುತ್ತಿದ್ದರೆ ಆ ಬದಿಯ ಬೇರಿಂಗ್ ಬಿಗಿಯಾಗಿದೆ ಅಥವಾ ಬ್ರೇಕು ಬಿಡದೆ ಹಿಡಿದುಕೊಂಡಿದೆ, ಅದು ಸರಿಯಾಗುವವರೆಗೆ ಗಾಡಿಯನ್ನು ಅಲ್ಲಿಂದ ಮುಂದೆ ಒಯ್ಯಬೇಡಿ.